ನೆಲ ಮುಟ್ಟಿದ ಮೇಲೆ

ಆಕಾಶದಲ್ಲಿ ಹಾರುವವನಿಗೆ ಅಪಾಯವೆಂಬುದು ಆಕಾಶದಲ್ಲಿಯೇ ಇರುತ್ತದೆ, ನೆಲ ಮುಟ್ಟಿದನೆಂದರೆ ಅವನು ಗಂಡಾಂತರದಿಂದ ಪಾರಾದನು ಎಂಬುದು ಲೋಕದ ಸಾಮಾನ್ಯ ತಿಳಿವಳಿಕೆ. ಮಗನನ್ನು ವಿಮಾನಕ್ಕೆ ಕಳಿಸಿದ ತಾಯಿ 'ಸುಖವಾಗಿ ಇಳಿದೆ' ಎಂಬ ಮಾತಿಗಾಗಿ ಕಾದು ಕುಳಿತಿರುತ್ತಾಳೆ. ಆ ಮಾತು ಕಿವಿಗೆ ಬಿದ್ದ ಮೇಲೆಯೇ ಅವಳಿಗೆ ಊಟ ರುಚಿಸುವುದು. ಆದರೆ ಇಳಿದ ಮೇಲೆ, ಗಾಲಿಗಳು ಭೂಮಿಯನ್ನು ಮುಟ್ಟಿದ ಮೇಲೆ, ಗಾಳಿಯಿಲ್ಲ, ಮಳೆಯಿಲ್ಲ, ಎದುರಿಗೆ ಯಾವ ಅಡ್ಡಿಯೂ ಇಲ್ಲ ಎಂಬಂಥ ಹೊತ್ತಿನಲ್ಲಿ, ಯಂತ್ರವೊಂದು ತನ್ನಷ್ಟಕ್ಕೆ ತಾನೇ ನಡುಗತೊಡಗಿ, ನಾಲ್ಕೈದು ಸೆಕೆಂಡುಗಳಲ್ಲಿ ತನ್ನನ್ನು ತಾನೇ ಒಡೆದುಕೊಂಡು ಬೀಳುವುದುಂಟು. ಹೆಲಿಕಾಪ್ಟರಿನ ಶಾಸ್ತ್ರದಲ್ಲಿ ಇದಕ್ಕೆ 'ಗ್ರೌಂಡ್ ರೆಸೊನೆನ್ಸ್' ಎಂದು ಹೆಸರು. ಕನ್ನಡದಲ್ಲಿ ನೆಲದ ಅನುರಣನೆ ಎನ್ನಬಹುದು.

ಕಳೆದ ಶೈಕ್ಷಣಿಕ ವರ್ಷದಲ್ಲಿ ಈ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು, ಹೆಲಿಕಾಪ್ಟರ್ ಚಾಲಕರಾಗಿಯೂ ಅನಂತರ ಚಾಲನ ಬೋಧಕರಾಗಿಯೂ ದೀರ್ಘಕಾಲ ಸೇವೆ ಸಲ್ಲಿಸಿ ನಿವೃತ್ತರಾದವರು, ತಾವು ಓದಿದ ಕೊಠಡಿಗಳನ್ನು ನೋಡಿಹೋಗಲೆಂದು ಬಂದಿದ್ದರು. ಹತ್ತನೆಯ ತರಗತಿಯ ಮಕ್ಕಳಿಗೆ ಸಾಹಸವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಮುಖ್ಯೋಪಾಧ್ಯಾಯರು ಕೇಳಿಕೊಂಡರು. ಅವರು ಒಪ್ಪಿದರು. ಆದರೆ ಸಭಾಭವನ ಬೇಡ, ವಿಜ್ಞಾನದ ಕೊಠಡಿ ಸಾಕು ಎಂದರು. ತಮ್ಮ ಹೆಸರನ್ನು ಸಂಚಿಕೆಯಲ್ಲಿ ಅಚ್ಚು ಮಾಡಬಾರದೆಂಬ ಇನ್ನೊಂದು ಮಾತನ್ನೂ ಸೇರಿಸಿದರು. ಅವರು ಅಂದು ಹೇಳಿದ್ದು ಸಾಹಸದ ಕಥೆಯಲ್ಲ ಎಂಬುದು ಕೇಳುತ್ತ ಹೋದಂತೆ ಎಲ್ಲರಿಗೂ ಮನವರಿಕೆಯಾಯಿತು.

ಮೊದಲು ಅವರು ಎರಡು ಸ್ಟ್ಯಾಂಡುಗಳ ನಡುವೆ ಅಡ್ಡಲಾಗಿ ಒಂದು ದಾರ ಕಟ್ಟಿಸಿ, ಅದಕ್ಕೆ ಸಮಾನ ಉದ್ದದ ಎರಡು ಲೋಲಕಗಳನ್ನು ತೂಗುಹಾಕಿದರು. ಒಂದನ್ನು ತೂಗಿಬಿಟ್ಟರು. ಸ್ವಲ್ಪ ಹೊತ್ತಿನಲ್ಲಿ, ಯಾರೂ ಮುಟ್ಟದ ಎರಡನೆಯ ಲೋಲಕ ತಾನೇ ತೂಗತೊಡಗಿತು. ಮೊದಲನೆಯದು ನಿಧಾನವಾಗಿ ನಿಂತುಹೋಯಿತು. ಬಳಿಕ ಒಂದು ದಾರವನ್ನು ಗಿಡ್ಡ ಮಾಡಿ ಮತ್ತೆ ತೂಗಿದರು. ಈ ಸಲ ಎರಡನೆಯದು ಬರಿದೆ ಅಲುಗಾಡಿತೇ ಹೊರತು ತೂಗಲಿಲ್ಲ. ಎರಡು ವಸ್ತುಗಳ ಸಹಜ ಕಂಪನದ ವೇಗ ಒಂದೇ ಆದಾಗ ಒಂದರ ಶಕ್ತಿ ಇನ್ನೊಂದಕ್ಕೆ ಹರಿಯುತ್ತದೆ ಎಂಬ ಪಾಠ ಮಕ್ಕಳಿಗೆ ಹೊಸದೇನಲ್ಲ. "ಈ ಲೋಲಕಗಳು ಕಡೆಗೆ ನಿಂತುಹೋಗುತ್ತವೆ. ಅವುಗಳಿಗೆ ಶಕ್ತಿ ತುಂಬುವವರು ಯಾರೂ ಇಲ್ಲ. ತುಂಬುವ ಎಂಜಿನ್ನೊಂದು ಪಕ್ಕದಲ್ಲಿಯೇ ಓಡುತ್ತಿದ್ದರೆ ಏನಾಗುತ್ತದೆಂದು ಯೋಚಿಸಿರಿ" ಎಂದು ಅವರು ಹೇಳಿ, ಕರಿಹಲಗೆಯ ಮೇಲೆ ಹೆಲಿಕಾಪ್ಟರಿನ ಚಿತ್ರ ಬರೆದರು.

ಹೆಲಿಕಾಪ್ಟರಿನ ತಲೆಯ ಮೇಲೆ ತಿರುಗುವ ರೋಟರಿನ ಅಲಗುಗಳು ನಡುಗುಂಬಕ್ಕೆ ಬಿಗಿಯಾಗಿ ಬೆಸೆದುಕೊಂಡಿರುತ್ತವೆಂದು ನೋಡುವವರು ಭಾವಿಸುತ್ತಾರೆ. ಬಹಳಷ್ಟು ಯಂತ್ರಗಳಲ್ಲಿ ಹಾಗಿರುವುದಿಲ್ಲ. ಬಾಗಿಲಿಗೆ ಕೀಲು ಇದ್ದಂತೆ ಪ್ರತಿಯೊಂದು ಅಲಗಿಗೂ ಬುಡದಲ್ಲಿ ಕೀಲುಗಳಿರುತ್ತವೆ. ಸ್ಪೇನ್ ದೇಶದ ಹ್ವಾನ್ ದೆ ಲಾ ಸಿಯೆರ್ವಾ ಎಂಬವನು 1923ರಲ್ಲಿ ತನ್ನ ಆಟೋಜೈರೋ ಎಂಬ ಯಂತ್ರವನ್ನು ಹಾರಿಸಿ ಯಶಸ್ವಿಯಾದದ್ದು, ಅಲಗುಗಳು ಮೇಲೆ ಕೆಳಗೆ ಆಡುವಂತೆ ಕೀಲು ಇಟ್ಟದ್ದರಿಂದ. ಆದರೆ ಮೇಲೆ ಕೆಳಗೆ ಆಡುವ ಅಲಗು ತಿರುಗುವ ಸಮತಲದಲ್ಲಿಯೂ ತುಸು ಮುಂದಕ್ಕೆ, ತುಸು ಹಿಂದಕ್ಕೆ ಸರಿಯಬಯಸುತ್ತದೆ. ಗಿರ್ರನೆ ತಿರುಗುವ ನರ್ತಕಿ ಚಾಚಿದ ಕೈಗಳನ್ನು ಒಳಗೆಳೆದುಕೊಂಡಾಗ ಅವಳ ವೇಗ ಹೆಚ್ಚುವುದು ಯಾವ ಕಾರಣದಿಂದಲೋ ಇದೂ ಅದೇ ಕಾರಣದಿಂದ. ಸರಿಯಲು ಎಡೆಯಿಲ್ಲದಿದ್ದರೆ ಅಲಗಿನ ಬುಡ ದಣಿಯುತ್ತದೆ. 1927ರಲ್ಲಿ ಇಂಗ್ಲೆಂಡಿನಲ್ಲಿ ಸಿಯೆರ್ವಾನ ಯಂತ್ರವೊಂದರ ಅಲಗು ಹಾರಾಟದಲ್ಲಿಯೇ ಮುರಿದುಹೋದ ಮೇಲೆ, ಹಿಂದೆ ಮುಂದೆ ಸರಿಯಲು ಇನ್ನೊಂದು ಕೀಲನ್ನು ಇಡಲಾಯಿತು. ಅಲಗು ಮುರಿಯುವ ಭಯ ಹೋಯಿತು. ಆದರೆ ಆ ಮದ್ದಿನ ಬೆನ್ನಿಗೆ ಹೊಸದೊಂದು ರೋಗ ಬಂದಿತು.

ಮೂರು ಅಲಗುಗಳು ಸಮಾನ ಅಂತರದಲ್ಲಿ ತಿರುಗುತ್ತಿರುವವರೆಗೆ ರೋಟರಿನ ಭಾರದ ಕೇಂದ್ರ ಸರಿಯಾಗಿ ನಡುಗಂಬದ ಮೇಲೆ ಇರುತ್ತದೆ. ಇಳಿಯುವಾಗ ಒಂದು ಗಾಲಿ ಮೊದಲು ತಾಗಿ ಯಂತ್ರಕ್ಕೆ ಪಕ್ಕದಿಂದ ಪೆಟ್ಟು ಬಿದ್ದಿತೆನ್ನೋಣ. ಅಲಗುಗಳು ತಮ್ಮ ಕೀಲುಗಳಲ್ಲಿ ಅತ್ತಿತ್ತ ಸರಿಯುತ್ತವೆ. ಎರಡು ಒಂದಕ್ಕೊಂದು ಹತ್ತಿರವಾಗಿ, ಮೂರನೆಯದು ದೂರವಾಗುತ್ತದೆ. ಆಗ ಭಾರದ ಕೇಂದ್ರ ಕಂಬವನ್ನು ಬಿಟ್ಟು ಹೊರಗೆ ಬಂದು, ಕಂಬವನ್ನು ಸುತ್ತುತ್ತ ಎಳೆಯತೊಡಗುತ್ತದೆ. ಕೆಳಗಿರುವ ಒಡಲು ತನ್ನ ಕಾಲುಗಳ ಮೇಲೆ ಅತ್ತಿತ್ತ ತೂಗುತ್ತದೆ. ಒಡಲು ತೂಗಿದಷ್ಟೂ ಅಲಗುಗಳು ಇನ್ನಷ್ಟು ಸರಿಯುತ್ತವೆ. ಅಲಗುಗಳು ಸರಿದಷ್ಟೂ ಒಡಲು ಇನ್ನಷ್ಟು ತೂಗುತ್ತದೆ. ರೋಟರ್ ನಿಮಿಷಕ್ಕೆ 360 ಸುತ್ತು, ಅಂದರೆ ಸೆಕೆಂಡಿಗೆ 6 ಸುತ್ತು ತಿರುಗುತ್ತಿದ್ದು, ಅಲಗು ತನ್ನ ಕೀಲಿನಲ್ಲಿ ಸಹಜವಾಗಿ ಸೆಕೆಂಡಿಗೆ ಒಂದೂವರೆ ಬಾರಿ ಆಡುವಂಥದಾಗಿದ್ದರೆ, ಇವೆರಡರ ಅಂತರ ನಾಲ್ಕೂವರೆ. ಒಡಲು ತನ್ನ ಕಾಲುಗಳ ಮೇಲೆ ತೂಗುವ ಸಹಜ ವೇಗವೂ ಸೆಕೆಂಡಿಗೆ ನಾಲ್ಕೂವರೆಯ ಸಮೀಪಕ್ಕೆ ಬಂದಿತೋ, ವಿನಾಶಕ್ಕೆ ಬಾಗಿಲು ತೆರೆಯಿತು. ಹೊರಗಿನ ಶತ್ರು ಯಾರೂ ಇಲ್ಲ. ಯಂತ್ರವನ್ನು ಮೇಲೆತ್ತಲೆಂದು ತಿರುಗುವ ರೋಟರಿನ ಶಕ್ತಿಯೇ ಅದನ್ನು ಕೆಡವಲು ಹರಿದುಬರುತ್ತದೆ.

ಅಮೆರಿಕದ ಸೈನ್ಯವು 1938ರಲ್ಲಿ ವರ್ಜೀನಿಯಾ ಪ್ರಾಂತದ ಲ್ಯಾಂಗ್ಲಿ ಫೀಲ್ಡಿನಲ್ಲಿ ಆಟೋಜೈರೋ ಶಾಲೆಯೊಂದನ್ನು ತೆರೆದು, ಕೆಲೆಟ್ ಕಂಪನಿಯ ಯಂತ್ರಗಳಲ್ಲಿ ಚಾಲಕರಿಗೆ ತರಬೇತಿ ಕೊಟ್ಟಿತು. ಆ ಬಗೆಯ ಯಂತ್ರವೊಂದನ್ನು ಮಾರ್ಪಡಿಸಿ ರೂಪಿಸಿದ ಎಕ್ಸ್‌ಆರ್-2 ಎಂಬುದು ನೆಲದ ಮೇಲಿನ ಪರೀಕ್ಷೆಯಲ್ಲಿಯೇ ಈ ಕಂಪನಕ್ಕೆ ಸಿಕ್ಕಿ ನಾಶವಾಯಿತು. ಅದೇ ಲ್ಯಾಂಗ್ಲಿಯ ಸಂಶೋಧನಾಲಯದಲ್ಲಿದ್ದ ರಾಬರ್ಟ್ ಕೋಲ್ಮನ್ ಎಂಬ ವಿಜ್ಞಾನಿ 1943ರಲ್ಲಿ ಇದರ ಗಣಿತವನ್ನು ಬಿಡಿಸಿಟ್ಟನು. ಆತನ ಮತ್ತು ಆರ್ನಲ್ಡ್ ಫೈನ್‌ಗೋಲ್ಡನ ಬರಹಗಳು 1958ರಲ್ಲಿ ಒಂದೇ ವರದಿಯಾಗಿ ಪ್ರಕಟವಾದವು. ಇದು ಹೊರಗಿನ ಪೆಟ್ಟಿನಿಂದ ಉಳಿಯುವ ಕಂಪನವಲ್ಲ, ತನ್ನನ್ನು ತಾನೇ ಪೋಷಿಸಿಕೊಳ್ಳುವ ಕಂಪನ ಎಂಬುದು ಆ ಬರಹಗಳ ಸಾರ. ಪೆಟ್ಟು ನೆವ ಮಾತ್ರ.

ಇದಕ್ಕೆ ಪರಿಹಾರವಾಗಿ ಎರಡು ಕಡೆ ಶಾಮಕಗಳನ್ನು ಇಡುತ್ತಾರೆ. ಅಲಗಿನ ಕೀಲಿನಲ್ಲಿ ಡ್ಯಾಂಪರ್ ಎಂಬ ಸಾಧನ ಅದರ ಆಟವನ್ನು ತಗ್ಗಿಸುತ್ತದೆ. ಎಣ್ಣೆಯನ್ನೂ ಒತ್ತಿ ತುಂಬಿದ ಅನಿಲವನ್ನೂ ಒಳಗೊಂಡ ಕಾಲುಗಳು ಒಡಲಿನ ತೂಗಾಟವನ್ನು ಹೀರುತ್ತವೆ. ಇವೆರಡರಲ್ಲಿ ಯಾವುದು ಮುಖ್ಯ ಎಂದು ಕೇಳುವುದು ಸಹಜ. 1946ರಲ್ಲಿ ಡಾಯ್ಚ್ ಎಂಬ ಎಂಜಿನಿಯರು ಒಂದು ಲೆಕ್ಕವನ್ನು ಮುಂದಿಟ್ಟನು. ಎರಡು ಶಾಮಕಗಳ ಬಲವನ್ನು ಕೂಡಿಸಿ ನೋಡಿದರೆ ಪ್ರಯೋಜನವಿಲ್ಲ, ಗುಣಿಸಿ ನೋಡಬೇಕು. ಆ ಗುಣಲಬ್ಧ ಒಂದು ಮಿತಿಗಿಂತ ಮೇಲಿದ್ದರೆ ಯಂತ್ರ ಕ್ಷೇಮ. ಅಂದಮೇಲೆ ಒಂದು ಕಡೆ ಎಷ್ಟೇ ಬಲವಿರಲಿ, ಇನ್ನೊಂದು ಕಡೆ ಸೊನ್ನೆಯಾದರೆ ಲಬ್ಧವೂ ಸೊನ್ನೆಯೇ. ಈ ಮಾತನ್ನು ಅತಿಥಿಗಳು ಕರಿಹಲಗೆಯ ಮೇಲೆ ಬರೆದು, ಕೆಳಗೆ ಗೆರೆ ಎಳೆದು, ಅಳಿಸದೆ ಹಾಗೆಯೇ ಬಿಟ್ಟರು. ಅನಂತರ ಕುರ್ಚಿಯ ಮೇಲೆ ಕುಳಿತು ತಮ್ಮ ಕಥೆಯನ್ನು ಆರಂಭಿಸಿದರು.

ಅದು 1979ನೆಯ ಇಸವಿ. ಅವರಿಗೆ ಆಗ ಇಪ್ಪತ್ತೆರಡು ವರ್ಷ. ಮೂರು ಅಲಗು, ಮೂರು ಗಾಲಿಗಳ ಹೆಲಿಕಾಪ್ಟರಿನಲ್ಲಿ ತರಬೇತಿ ನಡೆಯುತ್ತಿತ್ತು. ಬೋಧಕರು ಬಹಳ ಸಮರ್ಥರು, ಶಿಸ್ತಿನವರು. ಆದರೆ ಹೊತ್ತು ಹಾಳಾಗುವುದನ್ನು ಸಹಿಸುವವರಲ್ಲ. ಹಿಂದಿನ ದಿನ ಬೆಳಿಗ್ಗೆ ಯಂತ್ರವನ್ನು ಸುತ್ತಿ ಪರೀಕ್ಷಿಸುವಾಗ ಈ ತರುಣ ಒಂದು ಎಣ್ಣೆಯ ಕಲೆಯನ್ನು ಕಂಡು ವರದಿ ಮಾಡಿದ್ದ. ಒರೆಸಿ ನೋಡಿದರೆ ಅದು ಯಾರೋ ಕೈ ಒರೆಸಿದ ಗುರುತು. ಅರ್ಧ ಗಂಟೆ ವ್ಯರ್ಥವಾಯಿತು. "ನೀನು ಹಾರುವುದನ್ನು ಕಲಿಯಲು ಬಂದಿದ್ದೀಯೋ, ಯಂತ್ರಕ್ಕೆ ಪ್ರದಕ್ಷಿಣೆ ಹಾಕಲು ಬಂದಿದ್ದೀಯೋ?" ಎಂದು ಬೋಧಕರು ಎಲ್ಲರ ಎದುರಿಗೆ ಕೇಳಿದರು. ಜೊತೆಯವರು ನಕ್ಕರು. ರಾತ್ರಿ ಊಟದ ಮನೆಯಲ್ಲಿಯೂ ಆ ಮಾತು ಒಬ್ಬರ ಬಾಯಿಂದ ಒಬ್ಬರ ಬಾಯಿಗೆ ಸಾಗಿತು.

ಮರುದಿನ ಬೆಳಿಗ್ಗೆ ಬೋಧಕರು ಇನ್ನೂ ಕೊಠಡಿಯಲ್ಲಿದ್ದರು. ವಯಸ್ಸಾದ ಮೆಕ್ಯಾನಿಕ್ ಒಬ್ಬರು ಯಂತ್ರದ ಬಳಿ ತರುಣನನ್ನು ಕಂಡು, "ಎಡಗಾಲು ಯಾಕೋ ಎರಡು ಬೆರಳು ಕುಗ್ಗಿದ ಹಾಗಿದೆ. ಪುಸ್ತಕಕ್ಕೆ ರುಜು ಮಾಡಿದ ಮೇಲೆ ಕಣ್ಣಿಗೆ ಬಿತ್ತು. ಸಾಹೇಬರಿಗೆ ಒಂದು ಮಾತು ತಿಳಿಸಿ, ಅನಿಲ ತುಂಬಿಸಿಕೊಂಡೇ ಹೋಗಬಹುದು" ಎಂದರು. ಅಷ್ಟರಲ್ಲಿ ಬೇರೊಂದು ಯಂತ್ರದ ಕಡೆಯಿಂದ ಕರೆ ಬಂದು ಅವರು ಹೊರಟುಹೋದರು. ತರುಣ ಬಗ್ಗಿ ನೋಡಿದ. ಎಡಗಾಲಿನ ಹೊಳೆಯುವ ದಂಡ ಬಲಗಾಲಿನದಕ್ಕಿಂತ ಗಿಡ್ಡವಾಗಿ ಕಾಣುತ್ತಿತ್ತು. ಬೆರಳಿಟ್ಟು ಅಳೆದೂ ನೋಡಿದ. ಬೋಧಕರು ಬಂದು, ಗಡಿಯಾರ ನೋಡಿ, ತಮ್ಮ ಆಸನದಲ್ಲಿ ಕುಳಿತು, "ಎಲ್ಲ ಸರಿಯಿದೆಯೇ?" ಎಂದು ಕೇಳಿದರು. "ಸರಿಯಿದೆ, ಸರ್" ಎಂದು ತರುಣ ಉತ್ತರಿಸಿದ.

ಹಾರಾಟವೆಲ್ಲ ಚೆನ್ನಾಗಿಯೇ ನಡೆಯಿತು. ಆಕಾಶದಲ್ಲಿ ಕಾಲುಗಳಿಗೆ ಏನು ಕೆಲಸ? ಇಳಿಯುವ ಅಭ್ಯಾಸದಲ್ಲಿ ತರುಣನ ಕೈ ತುಸು ತಪ್ಪಿ, ಎಡಗಾಲಿ ಮೊದಲು ತಾಗಿತು. ಪೆಟ್ಟು ದೊಡ್ಡದೇನೂ ಅಲ್ಲ. ಕಲಿಯುವವರ ಕೈಯಲ್ಲಿ ಅಂಥ ಪೆಟ್ಟುಗಳು ದಿನಕ್ಕೆ ಹತ್ತಾದರೂ ಬೀಳುತ್ತವೆ. ಆದರೆ ಅಂದು ಎಡಗಾಲಿಗೆ ಅದನ್ನು ಹೀರುವ ಬಲವಿರಲಿಲ್ಲ. ಯಂತ್ರ ಬಲಕ್ಕೆ ಓಲಿತು, ಎಡಕ್ಕೆ ಓಲಿತು, ಮತ್ತೆ ಬಲಕ್ಕೆ ಇನ್ನೂ ಹೆಚ್ಚಾಗಿ ಓಲಿತು. ಎತ್ತಿನ ಬಂಡಿ ಕಲ್ಲು ಹಾದಿಯಲ್ಲಿ ಹೋದಂತೆ ಮೊದಲು ಅನಿಸಿತೆಂದೂ, ಎರಡನೆಯ ಸೆಕೆಂಡಿನ ಹೊತ್ತಿಗೆ ಎದುರಿನ ಗಡಿಯಾರಗಳ ಮುಳ್ಳುಗಳು ಕಾಣಿಸದಂತಾದವೆಂದೂ ಅವರು ನೆನೆದರು.

ಇಂಥ ಹೊತ್ತಿನಲ್ಲಿ ಮಾಡಬೇಕಾದದ್ದನ್ನು ಪಾಠದಲ್ಲಿ ಹೇಳಿಕೊಟ್ಟಿರುತ್ತಾರೆ. ರೋಟರ್ ಪೂರ್ಣ ವೇಗದಲ್ಲಿದ್ದರೆ ಎಡಗೈಯ ಲಿವರನ್ನು ಎತ್ತಿ ಕೂಡಲೆ ಮತ್ತೆ ಗಾಳಿಗೆ ಏರಬೇಕು. ಕಾಲುಗಳು ನೆಲ ಬಿಟ್ಟವೆಂದರೆ ಅನುರಣನೆಗೆ ಆಧಾರವೇ ತಪ್ಪಿ ಅಲಗುಗಳು ತಾವಾಗಿ ಸರಿಯಾದ ಸ್ಥಾನಕ್ಕೆ ಬರುತ್ತವೆ. ವೇಗ ಇಳಿದುಹೋಗಿದ್ದು ಏರಲು ಸಾಧ್ಯವಿಲ್ಲದಿದ್ದರೆ ಮಾತ್ರ ಲಿವರನ್ನು ಪೂರ್ತಿ ಕೆಳಗಿಟ್ಟು, ಎಂಜಿನ್ ಮುಚ್ಚಿ, ರೋಟರಿಗೆ ಬ್ರೇಕ್ ಹಾಕಬೇಕು. ಅಂದು ರೋಟರ್ ಪೂರ್ಣ ವೇಗದಲ್ಲಿತ್ತು. ಬೋಧಕರ ಕೈ ಲಿವರನ್ನು ಮೇಲಕ್ಕೆ ಎಳೆಯಿತು. ತರುಣನ ಕೈ ಅದೇ ಕ್ಷಣದಲ್ಲಿ ಜೋಡಿ ಲಿವರನ್ನು ಕೆಳಕ್ಕೆ ಒತ್ತುತ್ತಿತ್ತು. ನಡುಗುವವನಿಗೆ ನೆಲವೇ ಆಸರೆಯೆಂದು ತೋರುವುದು ಮನುಷ್ಯಸ್ವಭಾವ. ಪಾಠ ನೆನಪಿಗೆ ಬರುವ ಮೊದಲೇ ಕೈ ಕೆಲಸ ಮಾಡಿತ್ತು. ಒಂದು ಸೆಕೆಂಡು, ಹೆಚ್ಚೆಂದರೆ ಒಂದೂವರೆ ಸೆಕೆಂಡು, ಎರಡು ಕೈಗಳು ಒಂದಕ್ಕೊಂದು ಎದುರಾಗಿ ದುಡಿದವು. ಅಷ್ಟರಲ್ಲಿ ಅಲಗೊಂದು ಬಾಲದ ತೊಲೆಯನ್ನು ಹೊಡೆಯಿತು. ಯಂತ್ರ ಎಡಮಗ್ಗುಲಿಗೆ ಉರುಳಿತು.

ಬೆಂಕಿ ಹತ್ತಲಿಲ್ಲವೆಂಬುದು ಪುಣ್ಯ. ತರುಣನ ಹೆಗಲ ಎಲುಬು ಮುರಿಯಿತು. ಅದು ಎರಡು ತಿಂಗಳಲ್ಲಿ ಕೂಡಿಕೊಂಡಿತು. ಬೋಧಕರ ಬೆನ್ನುಮೂಳೆಗೆ ಏಟು ಬಿತ್ತು. ಅವರು ಕ್ರಮೇಣ ನಡೆಯುವಂತಾದರು, ಕಚೇರಿಯ ಕೆಲಸವನ್ನೂ ಮಾಡಿದರು. ಹೆಲಿಕಾಪ್ಟರಿನ ಆಸನದಲ್ಲಿ ಮಾತ್ರ ಮತ್ತೆ ಕುಳಿತುಕೊಳ್ಳಲಿಲ್ಲ.

ವಿಚಾರಣೆ ನಡೆಯಿತು. ಎಡಗಾಲಿನಲ್ಲಿ ಅನಿಲದ ಒತ್ತಡ ಕಡಿಮೆಯಿತ್ತೆಂಬುದು ಗೊತ್ತಾಯಿತು. ಪುಸ್ತಕದಲ್ಲಿ ಮೆಕ್ಯಾನಿಕರ ರುಜು ಇತ್ತು. "ನಾನು ಕಂಡದ್ದನ್ನು ಆ ಹುಡುಗನಿಗೆ ತಿಳಿಸಿದ್ದೆ" ಎಂದು ಅವರು ಹೇಳಿದರು. ವಿಚಾರಣಾಧಿಕಾರಿ ಆಸ್ಪತ್ರೆಯ ಹಾಸಿಗೆಯ ಬಳಿಗೆ ಬಂದು ತರುಣನನ್ನು ಕೇಳಿದರು. "ನನಗೆ ನೆನಪಾಗುತ್ತಿಲ್ಲ" ಎಂದು ತರುಣ ಹೇಳಿದ. ಪೆಟ್ಟು ಬಿದ್ದವನ ಮಾತನ್ನು ಯಾರೂ ಸಂಶಯಿಸಲಿಲ್ಲ. ಅಧಿಕಾರಿ ಬರೆದುಕೊಂಡು ಹೋದರು.

ಇಲ್ಲಿಗೆ ಬಂದಾಗ ಅತಿಥಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮಕ್ಕಳೂ ಸುಮ್ಮನಿದ್ದರು. ಆಮೇಲೆ ಅವರು ಮುಂದುವರಿಸಿದರು. ಮೂರನೆಯ ದಿನ ತರುಣ ತಾನಾಗಿಯೇ ಅಧಿಕಾರಿಯನ್ನು ಕರೆಯಿಸಿ, ಮೆಕ್ಯಾನಿಕ್ ಹೇಳಿದ್ದು ನಿಜ, ತಾನು ಬೆರಳಿಟ್ಟು ನೋಡಿದ್ದೂ ನಿಜ, ಮೊದಲ ದಿನ ಹೇಳಿದ್ದು ಸುಳ್ಳು ಎಂದು ಬರೆದುಕೊಟ್ಟ. ಶಿಕ್ಷೆಯಾಗಿ ಅವನನ್ನು ಮುಂದಿನ ತಂಡಕ್ಕೆ ಹಾಕಿದರು. ಕಂಡದ್ದನ್ನು ಬಾಯಿಮಾತಿಗೆ ಬಿಟ್ಟು ಪುಸ್ತಕದಲ್ಲಿ ಬರೆಯದೆ ಹೋದದ್ದಕ್ಕೆ ಮೆಕ್ಯಾನಿಕರಿಗೆ ಎಚ್ಚರಿಕೆ ದೊರೆಯಿತು. ಅವರ ಕೆಲಸ ಉಳಿಯಿತು. ತರುಣ ಕ್ಷಮೆ ಕೇಳಲು ಹೋದಾಗ ಆ ಹಿರಿಯರು ಬಯ್ಯಲಿಲ್ಲ. "ಮೊದಲ ದಿನವೇ ಹೇಳಿದ್ದರೆ ನನಗೆ ಮೂರು ರಾತ್ರಿ ನಿದ್ದೆ ಬರುತ್ತಿತ್ತು" ಎಂದಷ್ಟೇ ಹೇಳಿದರು. ಬಯ್ದಿದ್ದರೆ ಮರೆತುಹೋಗುತ್ತಿತ್ತೇನೋ, ಈ ಮಾತನ್ನು ಮರೆಯಲಾಗಲಿಲ್ಲ ಎಂದು ಅತಿಥಿಗಳು ಹೇಳಿದರು.

ಬೋಧಕರನ್ನು ನೋಡುವ ಧೈರ್ಯ ಬರಲು ಮತ್ತೂ ಹಲವು ದಿನ ಹಿಡಿಯಿತು. ತರುಣ ಅವರ ಹಾಸಿಗೆಯ ಪಕ್ಕದಲ್ಲಿ ನಿಂತು ಎಲ್ಲವನ್ನೂ ಹೇಳಿದ. ಅವರು ಛಾವಣಿಯನ್ನೇ ನೋಡುತ್ತ ಕೇಳಿದರು. "ನೀನು ಹೇಳಲಿಲ್ಲ, ಅದು ನಿನ್ನ ತಪ್ಪು. ನೀನು ಹೇಳಲಾಗದಂತೆ ಹಿಂದಿನ ದಿನ ನಾನು ಮಾಡಿದ್ದೆ, ಅದು ನನ್ನದು. ಎರಡರಲ್ಲಿ ಒಂದು ಇರದಿದ್ದರೂ ನಾವು ಇಲ್ಲಿರುತ್ತಿರಲಿಲ್ಲ" ಎಂದರು. ಕಲಿಯುವವನಿಗೆ ಹೇಳುವ ಬಾಯಿ ಇರಬೇಕು, ಕಲಿಸುವವನಿಗೆ ಕೇಳುವ ಕಿವಿ ಇರಬೇಕು. ಒಂದು ಕಡೆ ಎಷ್ಟೇ ಇದ್ದರೂ ಇನ್ನೊಂದು ಕಡೆ ಇಲ್ಲವಾದರೆ ಫಲವೇನೆಂಬುದು ಕರಿಹಲಗೆಯ ಮೇಲೆ ಬರೆದೇ ಇತ್ತು.

ಈಗ ಯಂತ್ರಗಳು ಬಹಳ ಸುಧಾರಿಸಿವೆ. ಅಮೆರಿಕದ ಬೆಲ್ 47 ಎಂಬ ಹೆಲಿಕಾಪ್ಟರು 1946ರಷ್ಟು ಹಿಂದೆಯೇ ಹಿಂದೆ ಮುಂದೆ ಸರಿಯುವ ಕೀಲಿಲ್ಲದ ಎರಡು ಅಲಗುಗಳ ರೋಟರಿನಿಂದ ಈ ಪೀಡೆಯನ್ನು ದೂರವಿಟ್ಟಿತ್ತು. ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ಸಂಸ್ಥೆ ರೂಪಿಸಿ, 1992ರಲ್ಲಿ ಮೊದಲು ಹಾರಿಸಿದ ಧ್ರುವ ಹೆಲಿಕಾಪ್ಟರಿನ ನಾಲ್ಕು ಅಲಗುಗಳಿಗೆ ಹಳೆಯ ಬಗೆಯ ಕೀಲುಗಳಿಲ್ಲ. ಬಾಗಬಲ್ಲ ವಸ್ತುವೇ ಕೀಲಿನ ಕೆಲಸವನ್ನು ಮಾಡುತ್ತದೆ. ಆದರೂ ಅಲಗು ಹಿಂದೆ ಮುಂದೆ ಬಾಗುವವರೆಗೆ ಈ ಲೆಕ್ಕ ತಪ್ಪುವುದಿಲ್ಲ. ಶಾಮಕಗಳು ಬೇಕೇ ಬೇಕು. ಕಾಲುಗಳ ಒತ್ತಡವನ್ನು ಅಳೆಯುವ ಕೆಲಸವೂ ಮನುಷ್ಯನ ಕಣ್ಣಿಗೆ, ಬೆರಳಿಗೆ, ಬಾಯಿಗೆ ಇಂದಿಗೂ ಉಳಿದಿದೆ.

ಕಡೆಯಲ್ಲಿ ಹುಡುಗನೊಬ್ಬ ಎದ್ದು, "ಸರ್, ನೀವು ಬೋಧಕರಾದ ಮೇಲೆ ಯಾರಾದರೂ ಸುಮ್ಮಸುಮ್ಮನೆ ಏನೋ ಕೆಟ್ಟಿದೆಯೆಂದು ಹೇಳಿದರೆ ಏನು ಮಾಡುತ್ತಿದ್ದಿರಿ?" ಎಂದು ಕೇಳಿದ. "ಇಳಿದು ನೋಡುತ್ತಿದ್ದೆ, ಮಗು" ಎಂದು ಅವರು ಉತ್ತರಿಸಿದರು. "ಹೆಚ್ಚಿನ ಸಲ ಏನೂ ಇರುತ್ತಿರಲಿಲ್ಲ. ಹೇಳಿದವನಿಗೆ ನಾಚಿಕೆಯಾಗುತ್ತಿತ್ತು. ಒಳ್ಳೆಯದಾಯಿತು, ನಾಳೆಯೂ ಹೇಳು ಎಂದು ಹೇಳಿ ಹತ್ತಿ ಕುಳಿತುಕೊಳ್ಳುತ್ತಿದ್ದೆ." ತಮ್ಮ ಸೇವೆಯ ಅವಧಿಯಲ್ಲಿ ಹಾಗೆ ಇಳಿದು ನೋಡಿದ್ದಕ್ಕೆ ಹೋದ ಹೊತ್ತನ್ನೆಲ್ಲ ಕೂಡಿಸಿದರೆ ಹಲವು ದಿನಗಳೇ ಆದಾವು ಎಂದು ಅವರು ನಕ್ಕರು. ಅವುಗಳಲ್ಲಿ ಒಂದು ದಿನವೂ ತಮಗೆ ವ್ಯರ್ಥವೆನಿಸಿಲ್ಲವೆಂದೂ, 1979ರ ಆ ಬೆಳಗಿನಲ್ಲಿ ಬೇಕಾಗಿದ್ದುದು ಹತ್ತು ನಿಮಿಷ ಮಾತ್ರವೆಂದೂ ಹೇಳಿ, ಅವರು ಕರಿಹಲಗೆಯ ಕಡೆಗೊಮ್ಮೆ ನೋಡಿ ಮಕ್ಕಳಿಗೆ ಕೈಮುಗಿದರು.